ಮುಧೋಳದ ಹೊಗೆಯ ಜಾಡು ಸಿಕ್ಕಿದ್ದು ಹೀಗೆ

ಕಬ್ಬು ಕಡಿದ ಮೇಲೆ ನಮ್ಮ ಕಡೆ ರವದಿಗೆ (ಹೊಲದಲ್ಲಿ ಉಳಿದ ಒಣ ಗರಿಗೆ) ಬೆಂಕಿ ಹಚ್ಚುವುದು ಹೆಚ್ಚಾಗಿ ಸಂಜೆ. ಊರೆಲ್ಲ ಹೊಗೆ ಕವಿದು ಮಕ್ಕಳು ಕೆಮ್ಮುತ್ತಿದ್ದರೂ ಉಪಗ್ರಹ ಕಂಡ ಬೆಂಕಿಯನ್ನು ಚುಕ್ಕೆಗಳಲ್ಲಿ ತೋರಿಸುವ ನಾಸಾದ ಫರ್ಮ್ಸ್ ನಕ್ಷೆಯಲ್ಲಿ ಒಂದು ಚುಕ್ಕೆಯೂ ಇರುತ್ತಿರಲಿಲ್ಲ. ಬೆಂಕಿ ಗುರುತಿಸುವ ವಿಐಐಆರ್‌ಎಸ್ ಉಪಕರಣ ಹೊತ್ತ ಉಪಗ್ರಹಗಳು ಹಾಯುವುದು ಮಧ್ಯಾಹ್ನ ಮತ್ತು ನಡುರಾತ್ರಿ, 1:30ರ ಆಸುಪಾಸು. ಅಷ್ಟರೊಳಗೆ ರವದಿ ಬೂದಿ.

ಹಾಗಾಗಿ ಬೆಂಕಿಯನ್ನು ಬಿಟ್ಟು, ಸುಟ್ಟ ಹೊಲ ಹುಡುಕಿದೆ. ಉಪಗ್ರಹ ಚಿತ್ರ ತೋರಿಸುವ ಯುರೋಪಿನ ಜಾಲತಾಣ ಕೋಪರ್ನಿಕಸ್ ಬ್ರೌಸರ್‌ನಲ್ಲಿ ಸೆಂಟಿನೆಲ್-2 ಉಪಗ್ರಹದ 12, 8ಎ, 4 ಬ್ಯಾಂಡ್ (ಬೆಳಕಿನ ಬೇರೆ ಬೇರೆ ತರಂಗಗಳಲ್ಲಿ ತೆಗೆದ ಚಿತ್ರ) ಜೋಡಿಸಿದರೆ ಹಸಿರು ಕಬ್ಬಿನ ನಡುವೆ ಸುಟ್ಟ ಪಟ್ಟಿ ಕಂದುಗಪ್ಪಾಗಿ ಎದ್ದು ಕಾಣುತ್ತದೆ. 20 ಮೀಟರ್ ಸ್ಪಷ್ಟತೆ, ಅಂದರೆ ಚಿತ್ರದ ಒಂದು ಚುಕ್ಕೆ ನೆಲದ ಮೇಲೆ 20 ಮೀಟರ್ ಅಗಲ. ಎರಡೆಕರೆ ಹೊಲವೂ ತಪ್ಪುವುದಿಲ್ಲ. ಹಿಂದಿನ ಚಿತ್ರದ ಜೊತೆ ಹೋಲಿಸಲೇಬೇಕು, ಇಲ್ಲವಾದರೆ ನೀರು ಹಾಯಿಸಿದ ಎರೆಭೂಮಿಯೂ ಸುಟ್ಟಂತೆಯೇ ತೋರುತ್ತದೆ. ಆ ಸಂಜೆಯ ಗಾಳಿಯ ದಿಕ್ಕು ಸೇರಿಸಿ ನೋಡಿದೆ: ಹೊಗೆ ಬಂದದ್ದು ಘಟಪ್ರಭೆಯ ದಂಡೆಯ ಹೊಲಗಳಿಂದ.