ತುಟ್ಟಿಭತ್ಯೆ ಬಾಕಿ: ಒಂದೂವರೆ ಪರ್ಸೆಂಟಿನ ಲೆಕ್ಕ ತಪ್ಪುವುದೆಲ್ಲಿ?

ರಾಜ್ಯ ಸರ್ಕಾರಿ ನೌಕರರ ತುಟ್ಟಿಭತ್ಯೆ ಶೇ 10.75ರಿಂದ 12.25ಕ್ಕೆ ಏರಿದ ಆದೇಶ ಬಂದದ್ದು 2025ರ ಮೇ ತಿಂಗಳಲ್ಲಿ. ಜಾರಿ ಮಾತ್ರ ಜನವರಿ 1ರಿಂದ. ಹಾಗಾಗಿ ಜನವರಿಯಿಂದ ಏಪ್ರಿಲ್‌ವರೆಗೆ ನಾಲ್ಕು ತಿಂಗಳ ಬಾಕಿ. ಈಗಿನ ಮೂಲವೇತನಕ್ಕೆ ಒಂದೂವರೆ ಪರ್ಸೆಂಟ್ ಹಾಕಿ, ನಾಲ್ಕರಿಂದ ಗುಣಿಸಿ ಬಿಲ್ಲು ಬರೆದುಬಿಡುವವರೇ ಹೆಚ್ಚು. ಆಡಿಟ್‌ನಲ್ಲಿ ವಸೂಲಿ ಬೀಳುವುದೂ ಇಲ್ಲಿಯೇ.

1. ನಾಲ್ಕೂ ತಿಂಗಳ ಪೇಸ್ಲಿಪ್ಪನ್ನು ಸರ್ಕಾರದ ವೇತನ ತಂತ್ರಾಂಶ ಎಚ್‌ಆರ್‌ಎಂಎಸ್‌ನಿಂದ ತೆಗೆದುಕೊಳ್ಳಿ. ಸೇವಾ ಪುಸ್ತಕವೂ ಪಕ್ಕದಲ್ಲಿರಲಿ.

2. ಡ್ಯೂ-ಡ್ರಾನ್ ತಃಖ್ತೆ ಹಾಕಿ. ತಿಂಗಳಿಗೊಂದು ಸಾಲು, ಬರಬೇಕಾದದ್ದು, ಬಂದದ್ದು, ವ್ಯತ್ಯಾಸ ಎಂದು ಮೂರು ಕಾಲಂ. ಪೈಸೆಯನ್ನು ಆಯಾ ಕಾಲಂನಲ್ಲೇ ದುಂಡಗೆ ಮಾಡಬೇಕು: 50 ಪೈಸೆ ಮತ್ತು ಮೇಲಿದ್ದರೆ ಒಂದು ರೂಪಾಯಿ, ಕಡಿಮೆಯಿದ್ದರೆ ಬಿಟ್ಟುಬಿಡಿ. ಮೂಲವೇತನ 34,100 ಆದರೆ ಬರಬೇಕಾದದ್ದು 4,177, ಬಂದದ್ದು 3,666, ವ್ಯತ್ಯಾಸ 511. ನೇರವಾಗಿ ಒಂದೂವರೆ ಪರ್ಸೆಂಟ್ ಹಾಕಿದರೆ 511.50, ಅಂದರೆ 512. ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ರೆಡಿಮೇಡ್ ಎಕ್ಸೆಲ್ ಹಾಳೆಗಳಲ್ಲಿ ಪೈಸೆ ಒಳಗೇ ಅಡಗಿರುತ್ತದೆ, ಮೊತ್ತ ಕೂಡುವುದಿಲ್ಲ. ಅವನ್ನು ಮುಟ್ಟಲೇಬೇಡಿ, ನಾಲ್ಕು ಸಾಲಿಗೆ ಕಾಗದ, ಪೆನ್ನು ಧಾರಾಳ ಸಾಕು.

ಕಷ್ಟವಿರುವುದು ವೇತನ ಬಡ್ತಿಯಲ್ಲಿ. ಜನವರಿ 1ರ ಬಡ್ತಿಯ ಆದೇಶ ಫೆಬ್ರವರಿಗೋ ಮಾರ್ಚಿಗೋ ಬಂದಿದ್ದರೆ, ಜನವರಿಯ ಪೇಸ್ಲಿಪ್ಪಿನಲ್ಲಿ ಹಳೆಯ 34,100 ಇರುತ್ತದೆ, ಬರಬೇಕಾದದ್ದು 34,900. ಬೆಂಗಳೂರಿನ ನೌಕರರಾದರೆ ಆ ತಿಂಗಳ ಸಾಲು ಹೀಗೆ:

ಬರಬೇಕಾದದ್ದು: 34,900 + ತುಟ್ಟಿಭತ್ಯೆ 4,275 + ಮನೆಬಾಡಿಗೆ ಭತ್ಯೆ (ಶೇ 20) 6,980 = 46,155
ಬಂದದ್ದು: 34,100 + 3,666 + 6,820 = 44,586
ವ್ಯತ್ಯಾಸ: 1,569

ಬಡ್ತಿಯ ಬಾಕಿಯನ್ನು ಪೂರಕ ಬಿಲ್ಲಿನಲ್ಲಿ ಮೊದಲೇ ಎತ್ತಿದ್ದರೆ ಅದನ್ನು 'ಬಂದದ್ದು' ಕಾಲಂಗೆ ಸೇರಿಸಲೇಬೇಕು. ಪೇಸ್ಲಿಪ್ಪಿನಲ್ಲಿ ಅದು ಕಾಣದಿರಬಹುದು, ಬಿಲ್ ರಿಜಿಸ್ಟರ್ ನೋಡಿ. ಮರೆತರೆ ಒಂದೇ ಹಣ ಎರಡು ಸಲ.

3. ವೇತನರಹಿತ ರಜೆ ಇದ್ದ ತಿಂಗಳಲ್ಲಿ ಮೊದಲು ಮೂಲವೇತನ ಇಳಿಸಿ, ಆಮೇಲೆ ತುಟ್ಟಿಭತ್ಯೆ ಹಾಕಿ. ಮಾರ್ಚ್‌ನಲ್ಲಿ 6 ದಿನ ರಜೆಯಾದರೆ 34,900ರ 31ರಲ್ಲಿ 25 ಭಾಗ, ಅಂದರೆ 28,145. ಅದರ ಮೇಲೆ ಬರಬೇಕಾದದ್ದು 3,448, ಬಂದದ್ದು 3,026, ವ್ಯತ್ಯಾಸ 422. ಪೂರ್ತಿ ತಿಂಗಳೆಂದು ಬರೆದರೆ 523 ಆಗುತ್ತದೆ, ಹೆಚ್ಚುವರಿ 101 ರೂಪಾಯಿ ಮುಂದೆ ವಸೂಲಿಗೆ ಬರುತ್ತದೆ. ಭಾಗಿಸುವುದು ಆಯಾ ತಿಂಗಳ ದಿನಗಳಿಂದ. ಎಲ್ಲಕ್ಕೂ 30 ಹಾಕಬೇಡಿ, ಫೆಬ್ರವರಿ 28 ದಿನದ್ದು.

4. ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯ, ಅಂದರೆ ಎನ್‌ಪಿಎಸ್‌ನವರಿಗೆ ಬಾಕಿಯಲ್ಲೂ ಶೇ 10 ಕಡಿತ. ಅದು ಮೂಲವೇತನ ಮತ್ತು ತುಟ್ಟಿಭತ್ಯೆಯ ವ್ಯತ್ಯಾಸಕ್ಕೆ ಮಾತ್ರ, ಮನೆಬಾಡಿಗೆಗಿಲ್ಲ. ಮೇಲಿನ ಜನವರಿ ಸಾಲಿನಲ್ಲಿ 1,409ಕ್ಕೆ (800 + 609) 141.

5. ಜನವರಿ-ಮಾರ್ಚ್ ಬಾಕಿ 2024-25ರದ್ದು, ಕೈಗೆ ಬಂದದ್ದು 2025-26ರಲ್ಲಿ. ಇದರಿಂದ ತೆರಿಗೆ ಏರಿದ್ದರೆ 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 89ರ ಪರಿಹಾರ ಕೇಳಬಹುದು. ಆದರೆ ರಿಟರ್ನ್ ಸಲ್ಲಿಸುವ ಮೊದಲೇ ಪೋರ್ಟಲ್‌ನಲ್ಲಿ ನಮೂನೆ 10ಇ ತುಂಬಿರಬೇಕು, ಇಲ್ಲವಾದರೆ ನೋಟಿಸ್ ಬರುತ್ತದೆ.