ಸೋಮವಾರ ಮಧ್ಯಾಹ್ನದ ಕೌದಿ

"ಮಾನಸಿಕ ಆರೋಗ್ಯದ ಬಗ್ಗೆ ಮಾತಾಡೋಣ, ಬನ್ನಿ" ಅಂತ ಕರೆದರೆ ನಮ್ಮ ಕಡೆ ಹಳ್ಳಿಗಳಲ್ಲಿ ಯಾರೂ ಬರುವುದಿಲ್ಲ. "ನಮಗೇನ್ ತಲಿ ಕೆಟ್ಟೈತೇನ್ರೀ?" ಅಂತ ನಕ್ಕು ಹೋಗುತ್ತಾರೆ. ಅದೇ "ಕೌದಿ ಹೊಲಿಯೋಣ, ಬನ್ನಿ" ಅಂದರೆ ಕಂಕುಳಲ್ಲಿ ಹಳೇ ಸೀರೆ ಸಿಕ್ಕಿಸಿಕೊಂಡು ಬರುತ್ತಾರೆ. ನಾನು ಧಾರವಾಡ ಜಿಲ್ಲೆಯ ಕಲಘಟಗಿ ಕಡೆ ಸಮುದಾಯ ಆರೋಗ್ಯದ ಕೆಲಸ ಮಾಡುವವಳು. ನಮ್ಮ ಕೌದಿ ಗುಂಪು ಶುರುವಾಗಿದ್ದು ಇಷ್ಟರಿಂದಲೇ.

ಬೆಂಗಳೂರು, ಮೈಸೂರು ಕಡೆಯವರಿಗೆ ಒಂದು ಮಾತು. ಕೌದಿ ಅಂದರೆ ಹಳೇ ಬಟ್ಟೆಯ ಹೊದಿಕೆ. ಸವೆದ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು ದಪ್ಪ ನೂಲಲ್ಲಿ ಸಾಲು ಹೊಲಿಗೆ ಹಾಕುತ್ತಾ ಹೋಗುವುದು. ಹೊಲಿಗೆ ಅಂಚಿನಿಂದ ಶುರುವಾಗಿ, ಸುತ್ತಿಕೊಂಡು ನಡುವಿಗೆ ಬರುತ್ತದೆ. ನಮ್ಮ ತಾಲ್ಲೂಕಿನಲ್ಲೂ, ಪಕ್ಕದ ಹಳಿಯಾಳ, ಮುಂಡಗೋಡ, ಯಲ್ಲಾಪುರದಲ್ಲೂ ಇರುವ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಮೂಲೆಗಳಲ್ಲಿ ತ್ರಿಕೋನದ ತುಂಡು ಮಡಿಸಿ 'ಹೂವು' ಇಡುತ್ತಾರೆ. ಅದಿಲ್ಲದೆ ಅವರ ಕೌದಿ ಮುಗಿಯುವುದಿಲ್ಲ.

ಅಂಚಿನಿಂದ ನಡುವಿಗೆ ಅನ್ನುವುದನ್ನು ನಾನು ಸುಮ್ನೆ ಹೇಳಲಿಲ್ಲ. ಒಂದೇ ಕೌದಿಗೆ ನಾಲ್ಕೈದು ಜನ ಕೂತರೆ, ಮೊದಲ ವಾರ ಒಬ್ಬೊಬ್ಬರು ಒಂದೊಂದು ಬದಿಯಲ್ಲಿ ದೂರ ದೂರ ಇರುತ್ತಾರೆ. ಹೊಲಿಗೆ ಒಳಗೆ ಸರಿದಂತೆ ಅವರೂ ಸರಿಯುತ್ತಾರೆ. ಕೊನೆಕೊನೆಗೆ ಮೊಣಕಾಲಿಗೆ ಮೊಣಕಾಲು ತಾಗುತ್ತಿರುತ್ತದೆ. ಹತ್ತಿರ ಕೂತುಕೊಳ್ಳಿ ಅಂತ ಯಾರೂ ಹೇಳಬೇಕಾಗಿಲ್ಲ.

ಯಾವ ದಿನ ಸೇರಬೇಕು ಅನ್ನುವುದಕ್ಕೆ ನಾವು ತುಂಬಾ ತಲೆ ಕೆಡಿಸಿಕೊಂಡೆವು. ಕೊನೆಗೆ ಸೋಮವಾರ ಅಂತಾಯಿತು. ಸೋಮವಾರ ಬಸವಣ್ಣನ ವಾರ, ನಮ್ಮ ಕಡೆ ಎತ್ತು ಹೂಡುವುದಿಲ್ಲ. ಹೊಲದ ಕೆಲಸ ಸ್ವಲ್ಪ ಹಗುರ. ಇನ್ನೊಂದು ಕಾರಣ ಮರುದಿನದ್ದು. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕ್ಲಿನಿಕ್, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ತಪಾಸಣೆ, ನಡೆಯುವುದು ಮಂಗಳವಾರ. ಸೋಮವಾರ ಒಬ್ಬರ ಕಷ್ಟ ಕಣ್ಣಿಗೆ ಬಿದ್ದರೆ, ಮನಸ್ಸು ಬದಲಾಗುವ ಮೊದಲೇ ಮರುದಿನ ಬೆಳಗಿನ ಬಸ್ಸಿಗೆ ಕರೆದುಕೊಂಡು ಹೋಗಬಹುದು. ಒಂದು ವಾರ ಬಿಟ್ಟರೆ ಮುಗೀತು, ಮನೆಯಲ್ಲಿ ಯಾರಾದರೂ ಬೇಡ ಅಂದಿರುತ್ತಾರೆ. ಈ ಕೆಲಸ ಶುರು ಮಾಡುವವರು ನನ್ನಿಂದ ಒಂದೇ ಒಂದು ಕಲಿಯುವುದಾದರೆ, ಇದನ್ನು ಕಲಿಯಿರಿ: ನಿಮ್ಮ ಗುಂಪಿನ ದಿನ ಕ್ಲಿನಿಕ್ಕಿನ ಹಿಂದಿನ ದಿನ ಇರಲಿ.

ಜಾಗ ಅಂಗನವಾಡಿ. ಮಕ್ಕಳು ಮನೆಗೆ ಹೋದ ಮೇಲೆ ಖಾಲಿ ಇರುತ್ತದೆ. ಮೇಲಾಗಿ ಅಲ್ಲಿಗೆ ಹೋಗುವ ಹೆಂಗಸನ್ನು ಎಲ್ಲಿಗೆ ಅಂತ ಯಾರೂ ಕೇಳುವುದಿಲ್ಲ. ಖರ್ಚು ಸೂಜಿ, ನೂಲು, ಚಹಾ. ಜಾಸ್ತಿ ದುಡ್ಡು ಹೋಗಿದ್ದು ಕನ್ನಡಕಕ್ಕೆ. ನಲವತ್ತು ದಾಟಿದ ಎಷ್ಟೋ ಜನರಿಗೆ ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. "ನನಗ ಹೊಲಿಗಿ ಬರೂದಿಲ್ರೀ" ಅಂತ ಗೋಡೆಗೆ ಒರಗಿ ಕೂರುತ್ತಿದ್ದರು. ಹತ್ತಿರದ ನೋಟದ ಕನ್ನಡಕ ಕೊಡಿಸಿದ ಮೇಲೆ ನೋಡಿದರೆ, ನಮಗೆಲ್ಲ ಹೊಲಿಗೆ ಕಲಿಸಬಲ್ಲವರು ಅವರೇ!

ತರಬೇತಿಯಲ್ಲಿ ನಮಗೆ ಹೇಳಿಕೊಟ್ಟಿದ್ದರು: ಗುಂಪಿನಲ್ಲಿ ಆಡಿದ ಮಾತು ಹೊರಗೆ ಹೋಗಬಾರದು ಅಂತ ಮೊದಲೇ ಎಲ್ಲರಿಂದ ಮಾತು ತೆಗೆದುಕೊಳ್ಳಿ. ಪಟ್ಟಣದಲ್ಲಿ ನಡೆಯಬಹುದು. ಅತ್ತೆ ಸೊಸೆ ಇಬ್ಬರೂ ಒಂದೇ ಚಾಪೆಯ ಮೇಲೆ ಕೂರುವ ಊರಲ್ಲಿ ಇದು ನಡೆಯುವ ಮಾತೇ? ಹಾಗಾಗಿ ನಾವು ಯಾರಿಗೂ ಏನನ್ನೂ ಕೇಳುವುದಿಲ್ಲ. ಕಣ್ಣು ಬಟ್ಟೆಯ ಮೇಲಿರುತ್ತದೆ, ಕೈ ಕೆಲಸ ಮಾಡುತ್ತಿರುತ್ತದೆ. ಹೇಳಬೇಕು ಅನ್ನಿಸಿದವರು ಹೇಳುತ್ತಾರೆ, ಅದೂ ಮುಖ ಎತ್ತದೆ. ಉಳಿದವರು "ಹ್ಞೂಂ" ಅಂದು ಇನ್ನೊಂದು ಸಾಲು ಹೊಲಿಯುತ್ತಾರೆ. ಹೇಳದವರೂ ಸುಮ್ನೆ ಕೂತಿರುವುದಿಲ್ಲ, ಯಾವ ಬಟ್ಟೆ ತಂದಿದ್ದಾರೆ ಅನ್ನುವುದರಲ್ಲೇ ಅರ್ಧ ಗೊತ್ತಾಗುತ್ತದೆ.

ಸಾಲಕ್ಕೆ ಹೆದರಿ ಜೀವ ಕಳೆದುಕೊಂಡ ರೈತನ ಹೆಂಡತಿಯೊಬ್ಬಳು ಬರುತ್ತಿದ್ದಳು. ಅವಳ ಚೀಲದಲ್ಲಿ ಗಂಡನ ಅಂಗಿ ಇರುತ್ತಿತ್ತು. ವಾರ ವಾರ ತರುತ್ತಿದ್ದಳು, ಹೊರಗೆ ತೆಗೆಯುತ್ತಿರಲಿಲ್ಲ. ಬೇರೆಯವರ ಕೌದಿಗೆ ಹೊಲಿಗೆ ಹಾಕಿ ಹೋಗುತ್ತಿದ್ದಳು. ಒಂದು ಸೋಮವಾರ ಕತ್ತರಿ ಕೇಳಿದಳು. ಎದೆಯ ಮೇಲಿನ ಜೇಬನ್ನಷ್ಟೇ ಕತ್ತರಿಸಿ, ಕೌದಿಯ ಒಂದು ಮೂಲೆಯಲ್ಲಿಟ್ಟು ಮೂರು ಬದಿ ಹೊಲಿದಳು. ಮೇಲಿನ ಬಾಯಿ ಹಾಗೇ ತೆರೆದು ಬಿಟ್ಟಳು. ಉಳಿದ ಅಂಗಿ ಒಳಗಿನ ಪದರಕ್ಕೆ ಹೋಯಿತು. ಆ ಜೇಬಿನಲ್ಲಿ ಅವಳ ಮಗ ಹುಣಸೆ ಬೀಜ ತುಂಬಿಡುತ್ತಾನೆ. ಅವಳು ನಿದ್ದೆ ಇಲ್ಲದ್ದನ್ನು ಹೇಳಿದ್ದು ಅದಾದ ಮೇಲೆ. ಮಂಗಳವಾರ ಕ್ಲಿನಿಕ್ಕಿಗೆ ಹೋದೆವು, ಮಾತ್ರೆ ಶುರುವಾಯಿತು.

ಮಾತ್ರೆಯ ವಿಷಯ ಒತ್ತಿ ಹೇಳುತ್ತೇನೆ. ಕಲೆಯಿಂದಲೇ ಎಲ್ಲ ವಾಸಿಯಾಗುತ್ತದೆ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ತೀವ್ರ ಖಿನ್ನತೆಗೆ ಸೂಜಿದಾರ ಸಾಲದು. ಹತ್ತಿರದ ಆಸ್ಪತ್ರೆಯಲ್ಲೇ ಚಿಕಿತ್ಸೆ ಸಿಗಬೇಕು ಅನ್ನುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿ ರೂಪುಗೊಂಡಿದ್ದು ನಮ್ಮ ಬಳ್ಳಾರಿಯಲ್ಲೇ, 1980ರ ದಶಕದಲ್ಲಿ, ನಿಮ್ಹಾನ್ಸ್‌ನವರ ಕೈಯಲ್ಲಿ. ಧಾರವಾಡದಲ್ಲಿ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಇದೆ. 2022ರಿಂದ ಟೆಲಿಮಾನಸ್ ಅನ್ನುವ ಸರ್ಕಾರಿ ಸಹಾಯವಾಣಿ ಇದೆ, 14416ಕ್ಕೆ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಆದರೆ ನಮ್ಮ ಹೆಂಗಸರು ಖಿನ್ನತೆ ಅನ್ನುವುದಿಲ್ಲ. ತಲಿ ಭಾರ, ಎದಿ ಉರಿ, ಕೈಕಾಲು ಸೆಳೆತ ಅನ್ನುತ್ತಾರೆ. ನೋವಿನ ಗುಳಿಗೆ ನುಂಗಿಕೊಂಡು ವರ್ಷಗಟ್ಟಲೆ ಓಡಾಡುತ್ತಾರೆ. ಅವರನ್ನು ಮಂಗಳವಾರದ ಬಾಗಿಲಿನವರೆಗೆ ಮುಟ್ಟಿಸುವುದು ಕೌದಿ ಗುಂಪಿನ ಕೆಲಸ.

ಅನುದಾನ ಕೊಡುವವರಿಗೆ ಲೆಕ್ಕ ಬೇಕು. ಅರ್ಜಿಗೆ ನಮಗೆ ನೆರವಾಗಿದ್ದು ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2019ರಲ್ಲಿ ತಂದ ವರದಿ. ಕಲೆ ಮತ್ತು ಆರೋಗ್ಯದ ನಂಟಿನ ಬಗ್ಗೆ 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಅದರಲ್ಲಿ ಒಟ್ಟುಗೂಡಿಸಿದ್ದಾರೆ. ನಂತರ ಖಿನ್ನತೆ ಎಷ್ಟಿದೆ ಅಂತ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನೆಗಳನ್ನೂ ಕೇಳಬೇಕಾಯಿತು. ಒಂಬತ್ತು ಪ್ರಶ್ನೆ, ಹೆಚ್ಚೆಂದರೆ 27 ಅಂಕ. ಕೆಲಸ ಮಾಡುವುದರಲ್ಲಿ ಆಸಕ್ತಿ ಕಡಿಮೆಯಾಗಿದೆಯಾ ಅನ್ನುವುದು ಮೊದಲನೆಯದು. "ಆಸಕ್ತಿ ಇರಲಿ ಬಿಡಲಿ, ಎಮ್ಮಿ ಹಿಂಡಬೇಕಲ್ರೀ" ಅಂತ ಒಬ್ಬಾಕೆ ಉತ್ತರಿಸಿದಳು. ಅದಕ್ಕೆ ಎಷ್ಟು ಅಂಕ ಕೊಡಬೇಕು, ನೀವೇ ಹೇಳಿ. ಆ ಪ್ರಶ್ನೆಗಳು ಉಪಯೋಗಕ್ಕೆ ಬರುವುದಿಲ್ಲ ಅಂತಲ್ಲ. ಒಂಬತ್ತನೆಯದು ಸಾಯುವ ಯೋಚನೆಯ ಬಗ್ಗೆ. ಅದಕ್ಕೆ ಬರುವ ಉತ್ತರವನ್ನು ನಾವು ಎಂದೂ ಹಗುರವಾಗಿ ಬಿಡುವುದಿಲ್ಲ. ಆದರೆ ಗುಂಪಿನೊಳಗೆ ಕೇಳುವುದಿಲ್ಲ. ಆಶಾ ಕಾರ್ಯಕರ್ತೆ ಬೇರೆ ದಿನ ಮನೆಗೆ ಹೋಗಿ, ಒಬ್ಬರೇ ಸಿಕ್ಕಾಗ ಕೇಳುತ್ತಾಳೆ.

ವರ್ಷ ಕಳೆಯುತ್ತಿದ್ದಂತೆ ಒಂದು ವಿಷಯ ಎದ್ದು ಕಂಡಿತು. ಯಾರ ನಿದ್ದೆ ಹಾಳಾಗಿದೆ ಅಂತ ನೋಡಿದರೆ, ಹೆಚ್ಚಿನವರ ಮನೆಯಲ್ಲಿ ಮೈಕ್ರೋಫೈನಾನ್ಸ್ ಸಾಲ. ಗುಂಪು ಸಾಲದಲ್ಲಿ ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ಕಟ್ಟಬೇಕು. ವಸೂಲಿಗೆ ಬಂದವನಿಗಿಂತ ಪಕ್ಕದ ಮನೆಯವಳ ಮುಖ ನೋಡುವುದೇ ಕಷ್ಟ. ಇದಕ್ಕೆ ಎಷ್ಟು ಮಾತ್ರೆ ಕೊಟ್ಟರೂ ಅಷ್ಟೇ ಅಲ್ವಾ? ಆಗ ಹೆಂಗಸರೇ ಒಂದು ಕೌದಿ ಹೂಡಿದರು. ಏಳು ಪಟ್ಟಿ, ವಾರದ ಒಂದೊಂದು ದಿನಕ್ಕೆ ಒಂದೊಂದು. ಯಾರ ಕಂತು ಯಾವ ದಿನವೋ ಆ ಪಟ್ಟಿಯ ಮೇಲೆ ಒಂದು ಕೆಂಪು ತುಂಡು. ಹೆಸರಿಲ್ಲ, ಮೊತ್ತವಿಲ್ಲ. ಗುರುವಾರದ ಪಟ್ಟಿಯಲ್ಲಿ ಜಾಗವೇ ಉಳಿಯಲಿಲ್ಲ, ತುಂಡಿನ ಮೇಲೆ ತುಂಡು ಬಿತ್ತು. ಭಾನುವಾರದ್ದು ಮಾತ್ರ ಖಾಲಿ, ಅದು ಹಸಿರು ಇಳಕಲ್ ಸೀರೆಯ ತುಂಡು.

ಅದನ್ನು ಗ್ರಾಮಸಭೆಯ ದಿನ ಗೋಡೆಗೆ ನೇತು ಹಾಕಿದೆವು. ಚಿಲಿ ದೇಶದಲ್ಲಿ 1973ರ ಸೇನಾ ಕ್ರಾಂತಿಯ ನಂತರ ಗಂಡ, ಮಕ್ಕಳು ಕಾಣೆಯಾದ ಹೆಂಗಸರು ಗೋಣಿ ಬಟ್ಟೆಯ ಮೇಲೆ ಚಿಂದಿ ಹೊಲಿದು ತಮ್ಮ ಕಥೆ ಹೇಳಿದ್ದರು, ಆ ಬಟ್ಟೆಗಳು ಗುಟ್ಟಾಗಿ ಹೊರದೇಶಗಳಿಗೂ ಹೋಗಿದ್ದವು ಅಂತ ನಾನು ಓದಿದ್ದೆ. ನಮ್ಮವರಿಗೆ ಹೇಳಿದಾಗ "ಅಲ್ಲೂ ಹಿಂಗ ಐತೇನು" ಅಂತ ಕೇಳಿ ಸುಮ್ಮನಾಗಿದ್ದರು. ಸಭೆಯಲ್ಲಿ ಗಂಡಸರು ಮೊದಲು ಕೌದಿ ಚೆಂದ ಐತಿ ಅಂದರು. ಕೆಂಪು ಅಂದರೆ ಏನು ಅಂತ ಗೊತ್ತಾದ ಮೇಲೆ ತಮ್ಮ ಮನೆಯದ್ದು ಇದರಲ್ಲಿದೆಯಾ ಅಂತ ಹುಡುಕತೊಡಗಿದರು. ಕತ್ತಲಾದ ಮೇಲೆ ವಸೂಲಿಗೆ ಮನೆ ಬಾಗಿಲಿಗೆ ಬರಕೂಡದು ಅಂತ ಊರವರು ತೀರ್ಮಾನಿಸಿದರು. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಿತು, 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಆಶಾ ಕಾರ್ಯಕರ್ತೆ ಆ ಸುದ್ದಿಯ ಪೇಪರ್ ತುಂಡನ್ನು ಅಂಗನವಾಡಿ ಗೋಡೆಗೆ ಅಂಟಿಸಿದ್ದಾಳೆ. ಸಾಲ ಏನೂ ಕರಗಿಲ್ಲ, ಆದರೆ ಅದನ್ನು ಮುಚ್ಚಿಡುವುದು ನಿಂತಿದೆ.

ಗಂಡಸರು ಕೌದಿಗೆ ಬರುವುದಿಲ್ಲ, ಅವರಿಗೆ ಭಜನೆ, ಡೊಳ್ಳು ಬೇಕು. ಆ ಕೆಲಸ ನನ್ನ ಸಹೋದ್ಯೋಗಿ ನೋಡುತ್ತಾನೆ, ಅವನೇ ಬರೆಯಲಿ.

ಈಗಿನ ಜಗಳ ಮಾರಾಟದ್ದು. ಪೇಟೆಯವರು ಬಂದು ಕೌದಿಗೆ ಒಳ್ಳೆ ಬೆಲೆ ಹೇಳುತ್ತಾರೆ, ಜೊತೆಗೆ ಬಣ್ಣ ಇಂಥದ್ದೇ ಇರಲಿ, ಹೊಲಿಗೆ ನೇರ ಇರಲಿ ಅನ್ನುತ್ತಾರೆ. ಹೊಲಿಗೆ ನೇರ ಇರಬೇಕು ಅಂದ ಕೂಡಲೇ ಮಾತು ನಿಲ್ಲುತ್ತದೆ, ಯಾರದ್ದು ಸೊಟ್ಟ ಅಂತ ನೋಡುವುದು ಶುರುವಾಗುತ್ತದೆ. ದುಡ್ಡು ಬೇಡ ಅನ್ನಲು ನಾನ್ಯಾರು? ಹೀಗಾಗಿ ಮಾರುವ ಕೌದಿ ಶುಕ್ರವಾರ, ಬೇರೆ ಮನೆಯಲ್ಲಿ. ಸೋಮವಾರದ್ದಕ್ಕೆ ಅಳತೆಯಿಲ್ಲ, ಬೆಲೆಯಿಲ್ಲ, ಫೋಟೋ ತೆಗೆಯುವಂತಿಲ್ಲ. ಈ ನಿಯಮ ಮಾಡಿದ್ದು ಗುಂಪಿನ ಹಿರಿಯಳು. ಕೊನೆಯ ಹೊಲಿಗೆಗೆ ಮುಂಚೆ ಕೌದಿಯೊಳಗೆ ರೊಟ್ಟಿ ಚೂರು ಇಡಿಸುವವಳೂ ಅವಳೇ, ಕೌದಿ ಹಸಿದಿರಬಾರದಂತೆ. ಇರುವೆ ಬರುತ್ತವೆ ಅಂತ ನಾನು ಒಮ್ಮೆ ಅಂದೆ. "ಬರಲಿ, ಅವಕ್ಕೂ ಹೊಟ್ಟಿ ಐತಿ" ಅಂದಳು.

ಪಕ್ಕದ ಊರಿನವರು ನಮ್ಮಲ್ಲೂ ಶುರು ಮಾಡಿ ಅಂತ ಕರೆದಿದ್ದಾರೆ. ಅಲ್ಲಿ ಅಂಗನವಾಡಿ ಬೀಗ ಯಾರ ಹತ್ತಿರ ಇರುತ್ತೆ ಅಂತ ವಿಚಾರಿಸುತ್ತಿದ್ದೇನೆ.