ಮಾವಿನ ಮರಕ್ಕೆ ಹಾರ್ಮೋನು ಕೊಡುವುದು ಹೇಗೆ?

ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆ ಮಾವಿನ ತೋಪನ್ನು ವರ್ಷಕ್ಕೋ ಎರಡು ವರ್ಷಕ್ಕೋ ಗುತ್ತಿಗೆ ಕೊಡುವುದು ಮಾಮೂಲು. ಗುತ್ತಿಗೆ ಹಿಡಿದವರಿಗೆ ಈ ವರ್ಷದ ಕಾಯಿ ಬೇಕು. ತೋಪಿನ ಯಜಮಾನರಿಗೆ ಮರವೂ ಬೇಕು. ಹಾರ್ಮೋನು ಬಾಟಲಿ ಕೈಗೆತ್ತಿಕೊಳ್ಳುವ ಮೊದಲು ಇದು ನೆನಪಿರಲಿ. ಅಳತೆ ತಪ್ಪಿದರೆ ಪೆಟ್ಟು ಬೀಳುವುದು ಮರಕ್ಕೆ.

ಮೊದಲು ಹೂವಿನ ವಿಚಾರ. ಬಾದಾಮಿ (ಆಲ್ಫಾನ್ಸೊ) ತಳಿ ಒಂದು ವರ್ಷ ಮೈತುಂಬ ಬಿಟ್ಟರೆ ಮರುವರ್ಷ ಕೈಕೊಡುತ್ತದೆ. ತೋತಾಪುರಿಗೆ ಈ ಚಾಳಿ ಕಡಿಮೆ. ಕೈಕೊಟ್ಟ ವರ್ಷ ಮರ ಬರೀ ಚಿಗುರುತ್ತಾ ಹೋಗುತ್ತದೆ, ಅಲ್ವಾ? ಹಾಗೆ ಚಿಗುರಿಸುವುದು ಮರದೊಳಗೇ ತಯಾರಾಗುವ ಜಿಬ್ಬರೆಲಿನ್ ಎಂಬ ಹಾರ್ಮೋನು. ನಾವು ಬುಡಕ್ಕೆ ಕೊಡುವ ಪ್ಯಾಕ್ಲೊಬ್ಯುಟ್ರಜಾಲ್ ಎಂಬ ಔಷಧಿ ಜಿಬ್ಬರೆಲಿನ್ ತಯಾರಾಗುವುದನ್ನೇ ತಡೆಯುತ್ತದೆ. ಚಿಗುರು ನಿಂತು ಮರ ಹೂವಿನ ಕಡೆ ತಿರುಗುತ್ತದೆ.

ಹೂ ಬರುವ ಮೂರು ನಾಲ್ಕು ತಿಂಗಳ ಮುಂಚೆ, ಅಂದರೆ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ನೆಲ ಹಸಿಯಿದ್ದಾಗ ಕೊಡಬೇಕು. ಟೇಪು ಹಿಡಿದು ಮರದ ಹರವನ್ನು ಈ ತುದಿಯಿಂದ ಆ ತುದಿಗೆ ಅಳೆಯಿರಿ. ಶೇ 25ರ ದ್ರಾವಣವಾದರೆ ಒಂದು ಮೀಟರ್ ಹರವಿಗೆ 3 ಮಿಲಿ. ಆರು ಮೀಟರ್ ಹರವಿನ ಮರಕ್ಕೆ 18 ಮಿಲಿ ಆಯಿತು. ಅದನ್ನು 10 ಲೀಟರ್ ನೀರಿಗೆ ಬೆರೆಸಿ. ಬುಡಕ್ಕೂ ನೆರಳಿನ ಅಂಚಿಗೂ ನಡುವೆ ಸುತ್ತಲೂ ಗೇಣುದ್ದಕ್ಕಿಂತ ಕಡಿಮೆ ಆಳದ ಗುಳಿ ತೋಡಿ, ಸಮನಾಗಿ ಸುರಿದು ಮಣ್ಣು ಮುಚ್ಚಿ. ಮಳೆ ಬರದಿದ್ದರೆ ಸ್ವಲ್ಪ ನೀರು ಕೊಡಿ.

ಇದು ಮಣ್ಣಿನಲ್ಲಿ ಬಹಳ ಕಾಲ ಉಳಿಯುತ್ತದೆ. ಪ್ರತಿ ವರ್ಷ ಅಷ್ಟೇ ಸುರಿದರೆ ಚಿಗುರು ಗಿಡ್ಡವಾಗಿ, ಹೂಗೊಂಚಲು ಮುದ್ದೆಗಟ್ಟಿ, ಮರ ಸೊರಗುತ್ತದೆ. ಮರುವರ್ಷ ಕೊಡಲೇಬೇಕೆಂದರೆ ಅರ್ಧಕ್ಕಿಳಿಸಿ. ಎಳೆ ಗಿಡಕ್ಕೆ, ಗೊಬ್ಬರ ಕಾಣದೆ ಬಡವಾದ ಮರಕ್ಕೆ ಬೇಡವೇ ಬೇಡ. ಗುತ್ತಿಗೆ ಪತ್ರದಲ್ಲೇ ಈ ಮಿತಿಗಳನ್ನು ಬರೆಸಿಕೊಳ್ಳಿ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಅನುಮಾನವಿದ್ದರೆ ಹೊಗಳಗೆರೆಯ ತೋಟಗಾರಿಕೆ ಸಂಶೋಧನಾ ಕೇಂದ್ರದಲ್ಲಿ ಕೇಳಿ.

ಹೂ ಕಚ್ಚಿದ ಮೇಲೆ ಉದುರುವ ಚಿಂತೆ. ಮರ ತಾನು ಸಾಕಲಾರದಷ್ಟು ಹೀಚನ್ನು ತಾನೇ ಉದುರಿಸುತ್ತದೆ. ಅದಕ್ಕೆ ಗಾಬರಿ ಬೇಡ. ಅದಕ್ಕಿಂತ ಜಾಸ್ತಿ ಉದುರದಂತೆ ಎನ್‌ಎಎ (ನ್ಯಾಫ್ತಲೀನ್ ಅಸಿಟಿಕ್ ಆಮ್ಲ) ಎಂಬ ಹಾರ್ಮೋನು ಸಿಂಪಡಿಸುತ್ತಾರೆ. ಕಾಯಿ ಬಟಾಣಿ ಗಾತ್ರಕ್ಕೆ ಬಂದಾಗ ಒಂದು ಸಲ, ಗೋಲಿಯಷ್ಟಾದಾಗ ಇನ್ನೊಂದು ಸಲ. ಪ್ರಮಾಣ 20 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 20 ಪಾಲು. ಅಂಗಡಿಯಲ್ಲಿ ಪ್ಲಾನೋಫಿಕ್ಸ್ ಹೆಸರಲ್ಲಿ ಸಿಗುವ ಶೇ 4.5ರ ಎನ್‌ಎಎ ಆದರೆ 10 ಲೀಟರ್ ನೀರಿಗೆ ನಾಲ್ಕೂವರೆ ಮಿಲಿ. ಬಾಟಲಿ ಮುಚ್ಚಳದಲ್ಲಿ ಅಂದಾಜು ಮಾಡಬೇಡಿ, ಸೂಜಿ ತೆಗೆದ ಸಿರಿಂಜ್ ಬಳಸಿ. ಹೆಚ್ಚಾದರೆ ಇದೇ ಔಷಧಿ ಕಾಯಿ ಉದುರಿಸುತ್ತದೆ. ಬಿಸಿಲಿಳಿದ ಮೇಲೆ ಹೊಡೆಯಿರಿ. ಜಿಗಿಹುಳು, ಬೂದಿರೋಗದಿಂದ ಉದುರುತ್ತಿದ್ದರೆ ಹಾರ್ಮೋನು ಸುಮ್ನೆ ದಂಡ. ಮೊದಲು ಅದನ್ನು ನೋಡಿ.

ಇನ್ನು ಕೊಯ್ದ ಹಣ್ಣು ಬಾಳುವ ಮಾತು. ಹಣ್ಣಾಗಿಸುವುದು ಎಥಿಲೀನ್ ಎಂಬ ಅನಿಲ ರೂಪದ ಹಾರ್ಮೋನು. ಮಾವು ಅದನ್ನು ತಾನೇ ಬಿಡುತ್ತದೆ. ಪೆಟ್ಟು ಬಿದ್ದ ಕಾಯಿ ಜಾಸ್ತಿ ಬಿಡುತ್ತದೆ. ಒಂದು ಒಡೆದ ಕಾಯಿ ಇಡೀ ಪೆಟ್ಟಿಗೆಯನ್ನು ಬೇಗ ಮಾಗಿಸುವುದು ಹೀಗೆ. ಜಿಬ್ಬರೆಲಿನ್ ಗುಂಪಿನದೇ ಆದ ಜಿಬ್ಬರೆಲಿಕ್ ಆಮ್ಲ ಮಾಗುವುದನ್ನು ನಿಧಾನ ಮಾಡುತ್ತದೆ ನಿಜ. ಆದರೆ ಸಣ್ಣ ಬೆಳೆಗಾರ ಆ ಖರ್ಚಿಗೆ ಮುಂಚೆ ಕೊಯ್ಲನ್ನು ಸರಿಮಾಡಿಕೊಳ್ಳಲಿ. ತೊಟ್ಟು ಉಳಿಸಿ ಕೊಯ್ಯಿರಿ. ಸೊನೆ ಸಿಪ್ಪೆಗೆ ತಾಗದಂತೆ ಬೋರಲು ಹಾಕಿ ಇಳಿಸಿ. 52 ಡಿಗ್ರಿ ಬಿಸಿನೀರಿನಲ್ಲಿ ಹತ್ತು ನಿಮಿಷ ಅದ್ದಿ ತಣಿಸಿದರೆ ಕಪ್ಪು ಚುಕ್ಕೆ ಕೊಳೆತ ಕಡಿಮೆಯಾಗುತ್ತದೆ. ಥರ್ಮಾಮೀಟರ್ ಬೇಕೇ ಬೇಕು. ಶೀತಗೃಹದಲ್ಲಿ 13 ಡಿಗ್ರಿ ಸಾಕು. ತುಂಬಾ ತಣ್ಣಗಿಟ್ಟರೆ ಕಾಯಿ ಸರಿಯಾಗಿ ಹಣ್ಣಾಗುವುದೇ ಇಲ್ಲ.

ಮಾಗಿಸಲು ಕಾರ್ಬೈಡ್ ಬಳಸಬಾರದು, ಅದಕ್ಕೆ ನಿಷೇಧವಿದೆ. ಮಾಗಿಸುವ ಕೋಣೆಯಲ್ಲಿ 100 ಪಿಪಿಎಂ ವರೆಗೆ ಎಥಿಲೀನ್ ಅನಿಲಕ್ಕೆ ಅನುಮತಿ ಇದೆ. ಮನೆ ಮಟ್ಟಿಗಾದರೆ ಹುಲ್ಲು ಹಾಸಿ, ನಡುವೆ ನಾಲ್ಕು ಮಾಗಿದ ಹಣ್ಣಿಟ್ಟು ಮುಚ್ಚಿ. ದಿನಾ ಒಮ್ಮೆ ತೆಗೆದು ನೋಡಿ, ಮೆತ್ತಗಾದದ್ದನ್ನು ಬೇರೆ ಮಾಡಿ.